ಹೆಬ್ಬಾಳದಲ್ಲೊಂದು ಭಾನುವಾರ

ಭಾನುವಾರ ಬಂತೆಂದರೆ ಆರ್. ಟಿ. ನಗರದ ಆ ಮನೆಯಲ್ಲಿ ಚಿಕ್ಕದೊಂದು ಶಾಸನಸಭೆಯೇ ಕೂಡುತ್ತದೆ. ಮೊಮ್ಮಕ್ಕಳಿಗೆ ಬನ್ನೇರುಘಟ್ಟದ ಹುಲಿ ಬೇಕು. ಅವರ ತಂದೆಗೆ ನಿದ್ದೆ ಬೇಕು. ತಾಯಿಗೆ ಹೊತ್ತಿಗೆ ಮುಂಚೆ ಮನೆ ಸೇರಬೇಕು. ಆ ದಿನ ತೀರ್ಪು ಕೊಟ್ಟವರು ನಿವೃತ್ತ ಮೇಷ್ಟರಾದ ತಾತ. "ಹೆಬ್ಬಾಳದ ಕೆರೆಗೆ ಹೋಗೋಣ" ಎಂದರು. ಹೆಬ್ಬಾಳವೆಂದರೆ ವಿಮಾನ ನಿಲ್ದಾಣದ ದಾರಿಯಲ್ಲಿ ವಾಹನಗಳು ಸಾಲುಗಟ್ಟುವ ಮೇಲುಸೇತುವೆಯೆಂದಷ್ಟೇ ಬಲ್ಲ ಮಕ್ಕಳು ಮುಖ ಸಪ್ಪಗೆ ಮಾಡಿಕೊಂಡರು.

ಚಿತ್ರಾನ್ನದ ಡಬ್ಬಿಯೊಡನೆ ಏಳು ಗಂಟೆಗೆಲ್ಲ ಕೆರೆಯ ದಡದಲ್ಲಿದ್ದರು. ಮಂಜು ಸರಿದಂತೆ ನೀರಿನ ಮೇಲೆ ತೇಲುವ ಹೆಜ್ಜಾರ್ಲೆಗಳು ಕಂಡವು. ಕೊಕ್ಕಿನ ಕೆಳಗಿನ ಚೀಲದಲ್ಲಿ ಮೀನನ್ನು ನೀರುಸಹಿತ ಮೊಗೆದು, ನೀರನ್ನು ಚೆಲ್ಲಿ, ಮೀನನ್ನಷ್ಟೇ ನುಂಗುವ ಅದರ ಚಮತ್ಕಾರವನ್ನು ಕಂಡಮೇಲೆ ಹುಲಿಯ ಮಾತು ನಿಂತಿತು. ನೀರುಕಾಗೆಯೊಂದು ಬಂಡೆಯ ಮೇಲೆ ರೆಕ್ಕೆ ಹರಡಿ ನಿಂತಿತ್ತು. "ಅದೇಕೆ ಹಾಗೆ, ತಾತ?" "ಬಾತಿನ ಗರಿಗೆ ನೀರು ಅಂಟದು, ಇದರದು ನೆನೆಯುತ್ತದೆ. ಬಟ್ಟೆ ಒಣಗಿಸಿಕೊಳ್ಳುತ್ತಿದೆ, ಮರಿ." ಯಲಹಂಕದ ಪುಟ್ಟೇನಹಳ್ಳಿ ಕೆರೆ 2015ರಲ್ಲಿ ಪಕ್ಷಿಗಳ ಸಂರಕ್ಷಿತ ತಾಣವಾದುದನ್ನೂ ಹೇಳಿ, ಮುಂದಿನ ಭಾನುವಾರವನ್ನು ಅಲ್ಲಿಗೆ ಮೀಸಲಿಟ್ಟರು.

ಈ ಕೆರೆಯನ್ನು 1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆಂದು ಪ್ರತೀತಿ. ಗದ್ದೆಗಾಗಿ ಕಟ್ಟಿದ ಕೆರೆಗೆ ಈಗ ಗದ್ದೆಯಿಲ್ಲ. ಖಾಸಗಿಯವರಿಗೆ ಗುತ್ತಿಗೆಗೆ ಹೋದ ಕಾಲವೂ ಒಂದಿತ್ತು. ನಗರದ ಕೆರೆಗಳ ಖಾಸಗೀಕರಣಕ್ಕೆ ಉಚ್ಚ ನ್ಯಾಯಾಲಯ 2012ರಲ್ಲಿ ತಡೆಯೊಡ್ಡಿತು. ಊರಿನ ನೀರನ್ನು ಊರವರೇ ಚೀಟಿ ಕೊಂಡು ನೋಡಬೇಕೆಂಬುದು ವಿಚಿತ್ರ ನ್ಯಾಯವೇ ಸರಿ.

ಅಲ್ಲಿಂದ ತಾತ ಎಲ್ಲರನ್ನೂ ಊರೊಳಗಿನ ಕಲ್ಲುಮಂಟಪವೊಂದಕ್ಕೆ ಕರೆದೊಯ್ದರು. ಒಳಗೊಂದು ವೀರಗಲ್ಲು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. 'ಬೆಂಗಳೂರು' ಎಂಬ ಹೆಸರನ್ನು ಹೇಳುವ ಬೇಗೂರಿನ ಪ್ರಸಿದ್ಧ ಶಾಸನಕ್ಕಿಂತ ಒಂದು ಶತಮಾನಕ್ಕೂ ಹಿರಿದು. ರಟ್ಟವಾಡಿಯವರ, ಎಂದರೆ ರಾಷ್ಟ್ರಕೂಟರ, ದಾಳಿಯಲ್ಲಿ ಕಾದಿ ಮಡಿದ ಕಿತ್ತಯನೆಂಬವನ ನೆನಪಿನ ಕಲ್ಲು. ಅವನ ನಾಡು 'ಪೆರ್ಬೊಳಲ್ ನಾಡು ಮೂವತ್ತು'. ಪೆರ್ ಎಂದರೆ ಹಿರಿದು, ಪೊಳಲ್ ಎಂದರೆ ಪಟ್ಟಣ. ಪಕಾರ ಹಕಾರವಾಗಿ, ಪೆರ್ಬೊಳಲೇ ಹೆಬ್ಬಾಳ. "ಹೆಮ್ಮರ, ಹೆಬ್ಬಾವು, ನೀವು ಬಂದ ಹೆದ್ದಾರಿ, ಎಲ್ಲದರಲ್ಲಿಯೂ ಅದೇ ಪೆರ್" ಎಂದರು ತಾತ. ಹನ್ನೆರಡು ಶತಮಾನ ದಾಟಿದ ಈ ಕಲ್ಲು ಈ ಶತಮಾನದ ಎರಡನೆಯ ದಶಕದಲ್ಲಿ ಚರಂಡಿ ತೋಡುವಾಗ ದೊರೆಯಿತು. ಅಂದು ಯಾರೂ ಗುರುತಿಸದೆ ಹೋಗಿದ್ದರೆ ಅದು ಯಾವ ಮೋರಿಯ ಚಪ್ಪಡಿಯಾಗುತ್ತಿತ್ತೋ!

ಮಗುವಿಗೆ ಕನ್ನಡ ಸರಾಗವಾಗಿ ಓದಲು ಬಾರದೆಂಬ ಕೊರಗು ತಾತನಿಗೆ ಬಹುದಿನದ್ದು. ಶಾಲೆಯ ಬಗ್ಗೆ ಮಗನೊಡನೆ ವಾದವೂ ನಡೆದು, ಮಾತು ಬಿಟ್ಟದ್ದೂ ಉಂಟು. ಈಗ ಅದೇ ಹುಡುಗಿ ಕಲ್ಲಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಒಂದೊಂದೇ ಗೀರನ್ನು ದಿಟ್ಟಿಸುತ್ತಿದ್ದಳು.

"ತಾತ, ಇದು 'ಟ' ತಾನೆ?"

ತಾತ ಬಾಗಿ ನೋಡಿದರು. ಅವರ ಬೆನ್ನ ಹಿಂದೆ ಮಗನೂ ಬಾಗಿದ.

"ಹೌದಮ್ಮ, 'ಟ'. ಮುಂದಿನದು?"

ಹೊರಗಿನಿಂದ ತಾಯಿ, ಚಿತ್ರಾನ್ನ ಆರಿಹೋಗುತ್ತಿದೆಯೆಂದು ಎರಡು ಸಲ ಕೂಗಿದರು.