ತ್ರುಟಿತ ಕಡತಗಳ ಶೋಧನೆ

ಯಲಬುರ್ಗಿಯ ವಾಚಕ ಮಹಾಶಯರೊಬ್ಬರು ನಮಗೆ ಪತ್ರ ಬರೆದಿರುವರು. ಅವರ ಮಗನು ಅಂತರ್ಜಾಲದಲ್ಲಿ ಚದರಿದ್ದ ಹಳೆಯ ಕನ್ನಡ ಪುಟಗಳನ್ನು ‘ಕ್ರಾಲರ್’ ಮೂಲಕ ಕೂಡಿಸುತ್ತಿದ್ದನಂತೆ. ಈ ಕ್ರಾಲರು ಒಂದು ಪುಟವನ್ನೋದಿ, ಅದರೊಳಗಿನ ಕೊಂಡಿಗಳನ್ನು ಹಿಡಿದು ಮುಂದಿನದಕ್ಕೆ ನಡೆಯುತ್ತ, ಕಂಡುದನ್ನೆಲ್ಲ ಕಡತಕ್ಕೆ ತುಂಬುವುದು. ನಡುವೆ ಕರೆಂಟು ಹೋಯಿತು. ಈಗ ಕಡತವು ತೆರೆಯದು. ಮೂಲಪುಟಗಳಲ್ಲಿ ಹಲವು ಅಂತರ್ಜಾಲದಿಂದಲೇ ಮಾಯವಾಗಿವೆ. ತಂದೆಯವರ ವ್ಯಸನವು ಸಹಜವೇ.

ಮೊದಲು ಕಡತದ ಪ್ರತಿಯೊಂದನ್ನು ತೆಗೆದು, ಮೂಲವನ್ನು ಮುಟ್ಟದೆ ಇರಿಸತಕ್ಕದ್ದು. ಬಳಿಕ ರೋಗವಾವುದೆಂದು ನೋಡಬೇಕು. ಕೆಲವಕ್ಕೆ ರೋಗವೇ ಇರುವುದಿಲ್ಲ. ಯೂನಿಕೋಡನ್ನು ಅನುಸರಿಸದ ಹಳೆಯ ‘ನುಡಿ’ ಅಕ್ಷರಗಳ ಪುಟವು, ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ರೋಮನ್ ಲಿಪಿಯ ಕಲಸುಮೇಲೋಗರವಾಗಿ ತೋರುವುದು. ಪರಿವರ್ತಕಕ್ಕೆ ಹಾಕಿದರೆ ಕನ್ನಡವೇ ಹೊರಬರುವುದು. ಇಂಥದನ್ನು ಕೆಟ್ಟಿತೆಂದು ಅಳಿಸುವುದು ಶುದ್ಧ ಅವಿವೇಕ. ಯು.ಟಿ.ಎಫ್.-೮ ಕ್ರಮದಲ್ಲಾದರೋ ಒಂದೊಂದು ಕನ್ನಡ ಸಂಕೇತಕ್ಕೆ ೩ ಬೈಟುಗಳು. ‘ಕ್ಷ’ ಎಂಬ ಸಂಯುಕ್ತಾಕ್ಷರಕ್ಕೆ ೯. (ನಮ್ಮ ಒತ್ತಕ್ಷರಗಳ ವೈಭವಕ್ಕೆ ತೆರಬೇಕಾದ ಸುಂಕವಿದು!) ಸಂಕೇತವು ನಡುವೆ ಕಡಿದಲ್ಲಿ ಪ್ರಶ್ನಾರ್ಥಕ ಚಿಹ್ನೆಯುಳ್ಳ ಕರಿಯ ವಜ್ರಾಕೃತಿಯು ಕಾಣಿಸಿಕೊಳ್ಳುವುದು.

ಕರೆಂಟು ಹೋದುದರಿಂದಾದ ಗಾಯವು ಬೇರೆ. ೨೦೦೯ರಲ್ಲಿ ಅಂತರರಾಷ್ಟ್ರೀಯ ಪ್ರಮಾಣವಾದ ‘ವಾರ್ಕ್’ ಮಾದರಿಯಲ್ಲಿ ಒಂದೊಂದು ಪುಟವೂ ಪ್ರತ್ಯೇಕ ದಾಖಲೆ. ಅದರ ತಲೆಯಲ್ಲಿಯೇ ಉದ್ದವು ಬರೆದಿರುವುದು. ‘ಜಿ-ಜಿಪ್’ನಿಂದ ಒತ್ತಿಡುವಾಗಲೂ ಒಂದೊಂದನ್ನೇ ಒತ್ತಿಡುವುದು ರೂಢಿ. ಆದಕಾರಣ ಬಾಲ ಕಡಿದರೆ ಹಿಂದಿನವು ಸ್ವಸ್ಥವಾಗಿಯೇ ಉಳಿಯುವುವು. ನಡುವೆ ಕೆಟ್ಟಿದ್ದರೆ ಮುಂದಿನ ದಾಖಲೆಯ ಆರಂಭವನ್ನು ಹುಡುಕಬೇಕು: ೩೧, ೧೩೯ ಎಂಬ ಎರಡು ಬೈಟುಗಳೇ ಅದರ ಗುರುತು. ಅವು ಆಕಸ್ಮಿಕವಾಗಿ ಬೇರೆಡೆಯೂ ಬರಬಹುದಾದ್ದರಿಂದ, ಬಿಚ್ಚಿದಾಗ ‘ವಾರ್ಕ್’ ಎಂಬ ತಲೆಬರಹವು ದೊರೆತರೆ ಮಾತ್ರ ನಂಬತಕ್ಕದ್ದು.

ಪೂರ್ಣವಾಗಿ ಹೋದ ದಾಖಲೆಗಳ ಗತಿಯೇನು? ನಮ್ಮ ಕೊಪ್ಪಳದಲ್ಲಿಯೇ ಇದಕ್ಕೆ ದೃಷ್ಟಾಂತವಿದೆ. ಅಶೋಕನ ಒಂದೇ ಶಾಸನವು ಗವಿಮಠದ ಬಂಡೆಯಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಇರುವುದು. ಟರ್ನರ್ ಪಂಡಿತರು ಎರಡನ್ನೂ ೧೯೩೨ರಲ್ಲಿ ಪ್ರಕಟಿಸಿದರು. ಪಾಲ್ಕಿಗುಂಡಿನ ಅಕ್ಷರಗಳು ಬಹಳ ಸವೆದಿವೆ. ಗವಿಮಠದ ಪಾಠವನ್ನು ಪಕ್ಕದಲ್ಲಿಟ್ಟರೆ ಅವುಗಳ ಜಾಡು ಸಿಕ್ಕುವುದು. ಆದರೂ ಊಹಿಸಿ ತುಂಬಿದ ಅಕ್ಷರವನ್ನು ಕಂಸದೊಳಗಿಡುವುದು ಶಾಸನಸಂಪಾದಕರ ಪದ್ಧತಿ. ಹಾಗೆಯೇ ಹುಡುಗನು ೧೯೯೬ರಲ್ಲಿ ಸ್ಥಾಪಿತವಾದ ‘ಇಂಟರ್ನೆಟ್ ಆರ್ಕೈವ್’ ಭಂಡಾರದಲ್ಲಿ ಆ ಪುಟಗಳ ಬೇರೆ ಪ್ರತಿಗಳನ್ನು ಹುಡುಕಲಿ. ಸಿಕ್ಕಿದುದನ್ನು ತನ್ನ ಕಡತದೊಳಕ್ಕೆ ಬೆರೆಸದೆ, ಎಲ್ಲಿಂದ ಯಾವ ದಿನ ತಂದುದೆಂದು ಬರೆದು ಬೇರೆಯಾಗಿಡಲಿ. ಸಿಕ್ಕದುದರ ಹೆಸರನ್ನಾದರೂ ಪಟ್ಟಿಯಲ್ಲಿ ಉಳಿಸಲಿ.

ಇನ್ನು ಮುಂದೆ ಸುಮಾರು ೧ ಗಿಗಾಬೈಟಿಗೊಮ್ಮೆ ಕಡತವನ್ನು ಮುಚ್ಚಿ ಹೊಸದನ್ನು ತೆರೆಯುವಂತೆ ಕ್ರಾಲರಿಗೆ ವಿಧಿಸುವುದು ಲೇಸು. ಕುಷ್ಟಗಿಯ ಸೋದರಿಯವರ ಪ್ರಶ್ನೆಗೆ ಮುಂದಿನ ಸಂಚಿಕೆಯಲ್ಲಿ ಉತ್ತರವೀಯುವೆವು.