ನೆಲಮಂಗಲ ದಾಟಿ ಬರುವ ಬೈಕುಗಳು

ಬೆಂಗಳೂರಿನಿಂದ ಮಲೆನಾಡಿಗೆ ಹೊರಟವರಿಗೆ ದಾರಿ ಕವಲೊಡೆಯುವುದು ನೆಲಮಂಗಲದಲ್ಲಿ. ಒಂದು ಕವಲು ತುಮಕೂರಿನತ್ತ ಸಾಗಿದರೆ, ಇನ್ನೊಂದು ಕುಣಿಗಲ್, ಹಾಸನ, ಸಕಲೇಶಪುರಗಳನ್ನು ಹಾದು ಶಿರಾಡಿ ಘಾಟಿಯನ್ನಿಳಿದು ಮಂಗಳೂರನ್ನು ಸೇರುತ್ತದೆ. ವಾರಾಂತ್ಯದ ಮುಂಜಾವದಲ್ಲಿ ಈ ಕವಲನ್ನು ದಾಟುವ ಭಾರೀ ಬೈಕುಗಳ ಸಾಲು ಮಧ್ಯಾಹ್ನದ ಹೊತ್ತಿಗೆ ಬೆಟ್ಟದ ಊರುಗಳಲ್ಲಿರುತ್ತದೆ. ಆದ್ದರಿಂದ ನಗರದ ಯುವಕನೊಬ್ಬ ಎಂಥ ಬೈಕು ಕೊಳ್ಳುತ್ತಾನೆ ಎಂಬುದು ಅವನೊಬ್ಬನ ಅಭಿರುಚಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಅದು ಬೆಟ್ಟದ ಪ್ರಶ್ನೆಯೂ ಹೌದು. ಮಲೆನಾಡಿನ ಕಾಲೇಜು ವಿದ್ಯಾರ್ಥಿಗಳಿಗೂ ಈಗ ಇದೇ ಕನಸಿರುವುದರಿಂದ ವಿಷಯವನ್ನು ಇಲ್ಲಿ ಚರ್ಚಿಸುವುದು ಅಪ್ರಸ್ತುತವಲ್ಲ.

ದೂರಪ್ರಯಾಣಕ್ಕೆ ಹೆಚ್ಚಿನವರು ಆರಿಸುವುದು 'ಕ್ರೂಸರ್' ಮಾದರಿಯನ್ನು. ತಗ್ಗಿದ ಆಸನ, ಎರಡು ಗಾಲಿಗಳ ನಡುವೆ ಹೆಚ್ಚು ಅಂತರ, ಮುಂದಕ್ಕೆ ಚಾಚಿದ ಕಾಲುಮೆಟ್ಟು, ನಿಧಾನವಾಗಿ ತಿರುಗುವಾಗಲೂ ಬಲ ಕೊಡುವ ಎಂಜಿನ್ ಇವು ಅದರ ಲಕ್ಷಣಗಳು. ನೇರ ಹೆದ್ದಾರಿಯಲ್ಲಿ ಇದು ಸುಖದ ವಾಹನ. ಆದರೆ ಇದೇ ಗುಣಗಳು ಘಾಟಿಯ ತಿರುವಿನಲ್ಲಿ ತೊಡಕಾಗುತ್ತವೆ. ಉದ್ದನೆಯ ಬೈಕು ಕಿರಿದಾದ ತಿರುವಿನಲ್ಲಿ ಸುಲಭವಾಗಿ ಹೊರಳದು. ತಗ್ಗಿದ ಕಾಲುಮೆಟ್ಟು ಬೈಕು ವಾಲಿದಾಗ ನೆಲಕ್ಕೆ ಉಜ್ಜುತ್ತದೆ.

ಅಂಕಿಗಳನ್ನೇ ನೋಡಬಹುದು. ಬಜಾಜ್ ಅವೆಂಜರ್ 220ರ ತೂಕ ಸುಮಾರು 163 ಕಿಲೋ. 2020ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350ರದು 191 ಕಿಲೋ. ನೆಲದಿಂದ ಅದರ ಅಂತರ 170 ಮಿ.ಮೀ. ಅದೇ ಸಂಸ್ಥೆಯ ಸೂಪರ್ ಮೀಟಿಯರ್ 650 ತೂಗುವುದು 241 ಕಿಲೋ; ನೆಲದಿಂದ ಅಂತರ ಕೇವಲ 135 ಮಿ.ಮೀ. ಮಳೆಗಾಲದಲ್ಲಿ ಕೊರೆದುಹೋದ ಎಸ್ಟೇಟ್ ರಸ್ತೆಯಲ್ಲಿ, ಕೆಸರಿನ ನಡುವೆ ಬಿದ್ದ 241 ಕಿಲೋ ಬೈಕನ್ನು ಒಬ್ಬನೇ ಎತ್ತಿ ನಿಲ್ಲಿಸುವುದು ಸುಲಭದ ಮಾತಲ್ಲ.

ಇಂಧನದ ಲೆಕ್ಕವೂ ಇದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಬೆಂಗಳೂರಿನಿಂದ ಸಕಲೇಶಪುರಕ್ಕೆ ಹೋಗಿ ಬರುವ ಸುಮಾರು 440 ಕಿ.ಮೀ.ಗೆ, ಲೀಟರಿಗೆ 35 ಕಿ.ಮೀ. ಓಡುವ ಬೈಕಿಗೂ 25 ಕಿ.ಮೀ. ಓಡುವ ಬೈಕಿಗೂ ಐದು ಲೀಟರಿನ ಅಂತರ. ಅಂದರೆ ಒಂದೇ ಪ್ರಯಾಣದಲ್ಲಿ 11 ಕಿಲೋಗೂ ಹೆಚ್ಚು ಅನಿಲ.

ಇವೆಲ್ಲಕ್ಕಿಂತ ಬೆಟ್ಟದ ಜನರನ್ನು ಬಾಧಿಸುವುದು ಸದ್ದು. ಕಂಪನಿ ಕೊಟ್ಟ ಸೈಲೆನ್ಸರನ್ನು ಕಿತ್ತು ಅಬ್ಬರಿಸುವ ಕೊಳವೆ ಹಾಕಿಸುವುದು ಒಂದು ಶೋಕಿಯಾಗಿದೆ. ಸದ್ದು ಹತ್ತು ಡೆಸಿಬೆಲ್ ಏರಿದರೆ ಶಬ್ದಶಕ್ತಿ ಹತ್ತು ಪಟ್ಟಾಗುತ್ತದೆ ಎಂಬುದನ್ನು ಮರೆಯಬಾರದು. ಮಳೆಗಾಲದ ರಾತ್ರಿಗಳಲ್ಲಿ ಗಂಡುಕಪ್ಪೆ ಕೂಗಿಯೇ ಸಂಗಾತಿಯನ್ನು ಕರೆಯಬೇಕು. ಆ ಕೂಗು ಅಬ್ಬರದಲ್ಲಿ ಮುಳುಗುತ್ತದೆ, ರಸ್ತೆ ದಾಟಲು ಬಂದ ಕಪ್ಪೆ ಗಾಲಿಗೆ ಸಿಲುಕುತ್ತದೆ. ಗದ್ದೆಯ ಕೀಟಗಳನ್ನು ಕೂಲಿ ಕೇಳದೆ ತಿನ್ನುವ ಜೀವಿಯದು. ಅದರ ನಷ್ಟ ರೈತನ ನಷ್ಟವೇ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಶಬ್ದಮಿತಿ ಮೀರಿದ ವಾಹನ ಓಡಿಸುವವರಿಗೆ ಹತ್ತು ಸಾವಿರ ರೂಪಾಯಿಯವರೆಗೆ ದಂಡ ವಿಧಿಸಬಹುದು. ಕಾನೂನಿದೆ, ಅದನ್ನು ಕೇಳುವ ಊರಿನ ದನಿ ಬೇಕಾಗಿದೆ.

ಹಾಗೆಂದು ಬೈಕಿನ ಪ್ರಯಾಣವೇ ತಪ್ಪೆಂದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದು ತಯಾರಿಸಿದ 250 ಸಿ.ಸಿ. ಜಾವಾ, ಯೆಜ್ಡಿಗಳು ಕ್ರೂಸರುಗಳಲ್ಲ, ಹೊಗೆಯನ್ನೂ ಕಡಿಮೆ ಉಗುಳಲಿಲ್ಲ. ಆದರೂ ದೂರ ಸಾಗಲು ದೈತ್ಯ ಎಂಜಿನ್ ಬೇಕಿಲ್ಲವೆಂದು ತೋರಿಸಿಕೊಟ್ಟವು. 2025ರ ಸೆಪ್ಟೆಂಬರಿನಿಂದ 350 ಸಿ.ಸಿ.ವರೆಗಿನ ಬೈಕಿಗೆ ಜಿ.ಎಸ್.ಟಿ. ಶೇ. 18, ಮೀರಿದ್ದಕ್ಕೆ ಶೇ. 40. ಜೇಬೂ ಬೆಟ್ಟವೂ ಇಲ್ಲಿ ಒಂದೇ ಮಾತನ್ನು ಹೇಳುತ್ತಿವೆ.

ಕೊಳ್ಳುವವನು ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಕೆಲವೇ: ಬಿದ್ದರೆ ಎತ್ತಬಲ್ಲೆನೇ? ಎರಡೂ ಗಾಲಿಗೆ ಎ.ಬಿ.ಎಸ್. ಇದೆಯೇ? ಹತ್ತಿರದ ತಾಲ್ಲೂಕು ಕೇಂದ್ರದಲ್ಲಿ ರಿಪೇರಿಯಾಗುತ್ತದೆಯೇ? ಕೊನೆಯ ಪ್ರಶ್ನೆಯನ್ನು ಮಾತ್ರ ಅವನು ತನಗೇ ಕೇಳಿಕೊಳ್ಳಬೇಕು: ನಿದ್ರಿಸುತ್ತಿರುವ ಊರೊಂದನ್ನು ಎಬ್ಬಿಸದೆ ಇದರಲ್ಲಿ ದಾಟಿಹೋಗಬಲ್ಲೆನೇ?