‘ಸರ್ವರ್ ಇಲ್ಲ’ ಅಂದರೇನು? ಹೈಸ್ಕೂಲಿನ ಕಂಪ್ಯೂಟರ್ ಪಾಠ ಇಲ್ಲಿಂದಲೇ ಶುರುವಾಗಲಿ

2026-27ರಿಂದ ಮೂರನೇ ತರಗತಿಯಿಂದಲೇ ಮಕ್ಕಳಿಗೆ ಎಐ ಕಲಿಸುತ್ತೇವೆ ಎಂದು ಕೇಂದ್ರ ಶಿಕ್ಷಣ ಸಚಿವಾಲಯ ಘೋಷಿಸಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದಾಗ ‘ಆರನೇ ಕ್ಲಾಸಿನಿಂದ ಕೋಡಿಂಗ್’ ಅಂದಿದ್ದರು. ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ ಅನ್ನೋ ಮಾತಿದೆಯಲ್ಲ, ಇಲ್ಲಿ ಆರಕ್ಕೆ ನೆಟ್ಟಗೆ ಏರುವ ಮೊದಲೇ ಮೂರಕ್ಕೆ ಇಳಿದುಬಿಟ್ಟಿದ್ದೇವೆ.

ಮಕ್ಕಳು ಎಐ ಕಲಿಯಬಾರದು ಅಂತ ನಾನು ಹೇಳ್ತಿಲ್ಲ. ನನ್ನ ತಕರಾರು ಬೇರೆ. ನಮ್ಮ ಹಳ್ಳಿ, ಹೋಬಳಿಗಳಲ್ಲಿ ಜನರ ಬಾಯಲ್ಲಿ ದಿನಾ ಓಡಾಡುವ ಕಂಪ್ಯೂಟರ್ ಪದ ‘ಸರ್ವರ್’. ಅದೂ ಯಾವಾಗಲೂ ‘ಸರ್ವರ್ ಇಲ್ಲ’, ‘ಸರ್ವರ್ ಬ್ಯುಸಿ’, ‘ಸರ್ವರ್ ಡೌನ್’ ಎಂಬ ರೂಪದಲ್ಲೇ. ನ್ಯಾಯಬೆಲೆ ಅಂಗಡಿಯಲ್ಲಿ, ನಾಡಕಚೇರಿಯಲ್ಲಿ, ಗ್ರಾಮ ಒನ್ ಕೇಂದ್ರದಲ್ಲಿ ಈ ಎರಡು ಪದ ಕೇಳಿದ ತಕ್ಷಣ ಜನ ಮರುಮಾತಾಡದೆ ವಾಪಸ್ ಹೋಗುತ್ತಾರೆ. ಮಳೆ ಬರಲಿಲ್ಲ ಅಂದಷ್ಟೇ ಸಹಜವಾಗಿ ಅದನ್ನು ಒಪ್ಪಿಕೊಳ್ಳುತ್ತಾರೆ. ಹಾಗೆ ಒಪ್ಪಿಕೊಳ್ಳೋದನ್ನು ನಿಲ್ಲಿಸುವ ಶಕ್ತಿ ಹೈಸ್ಕೂಲಿನ ಕಂಪ್ಯೂಟರ್ ಪಾಠಕ್ಕಿದೆ, ಆದರೆ ನಾವು ಅದನ್ನು ಆ ಕೆಲಸಕ್ಕೆ ಬಳಸುತ್ತಲೇ ಇಲ್ಲ ಅನ್ನೋದು ನನ್ನ ವಾದ.

ಹೈಸ್ಕೂಲ್ ಮಕ್ಕಳ ಜೊತೆ ಮಾತಿಗೆ ಕೂತಾಗಲೆಲ್ಲ ಕಂಪ್ಯೂಟರ್ ಎಂದರೇನು ಅಂತ ನಾನು ಕೇಳುವುದುಂಟು. ಉತ್ತರ ಪಟಪಟ ಬರುತ್ತದೆ: ‘ದತ್ತಾಂಶವನ್ನು ಸ್ವೀಕರಿಸಿ, ಸಂಸ್ಕರಿಸಿ, ಸಂಗ್ರಹಿಸಿ, ಫಲಿತಾಂಶ ನೀಡುವ ವಿದ್ಯುನ್ಮಾನ ಯಂತ್ರ.’ ಸಿಪಿಯು ಅಂದರೆ ಕಂಪ್ಯೂಟರಿನ ಮೆದುಳು, ಕೀಬೋರ್ಡ್ ಇನ್‌ಪುಟ್ ಸಾಧನ, ಪ್ರಿಂಟರ್ ಔಟ್‌ಪುಟ್ ಸಾಧನ. ಎಲ್ಲವೂ ಬಾಯಿಪಾಠ. ಆಮೇಲೆ ‘ರೇಷನ್ ಅಂಗಡೀಲಿ ಅಜ್ಜಿ ಹೆಬ್ಬೆಟ್ಟು ಒತ್ತೋ ಆ ಚಿಕ್ಕ ಮಷೀನು ಕಂಪ್ಯೂಟರೋ, ಅಲ್ವೋ?’ ಅಂತ ಕೇಳಿದರೆ ಕ್ಲಾಸು ಗಪ್‌ಚುಪ್. ಅವರು ಈಗಷ್ಟೇ ಒಪ್ಪಿಸಿದ ವ್ಯಾಖ್ಯಾನ ಆ ಮಷೀನಿಗೂ ಪೂರ್ತಿ ಹೊಂದುತ್ತದೆ. ಹಾಗಾಗಿ ಆ ಒಂದು ಸಾಲನ್ನೇ ಒಂದೊಂದು ಪದವಾಗಿ ಬಿಡಿಸಿ ನೋಡೋಣ.

ಮೊದಲು ಇನ್‌ಪುಟ್. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಅದಕ್ಕೆ ಗೊತ್ತಿರೋದು ಸೊನ್ನೆ ಮತ್ತು ಒಂದರಲ್ಲಿ ಬರೆದ ಸಂಖ್ಯೆ. ಇಂಗ್ಲಿಷಿನ ದೊಡ್ಡ ‘ಎ’ಗೆ 65, ಚಿಕ್ಕ ‘ಎ’ಗೆ 97. ಯೂನಿಕೋಡ್ ಪಟ್ಟಿಯಲ್ಲಿ ನಮ್ಮ ‘ಕ’ ಅಕ್ಷರದ ಸಂಖ್ಯೆ 3221. ಹೆಸರು ಅಂದರೆ ಯಂತ್ರದ ಪಾಲಿಗೆ ಸಂಖ್ಯೆಗಳ ಒಂದು ಸಾಲು, ಅಷ್ಟೇ. ಈಗ ಲಕ್ಷ್ಮಿ ಅನ್ನೋ ಹೆಸರು ತಗೊಳ್ಳಿ. ಆಧಾರ್ ಮಾಡಿಸುವಾಗ ಆಪರೇಟರ್ ‘ಕ್ಷ’ವನ್ನು ಇಂಗ್ಲಿಷಿನ ಕೆ, ಎಸ್, ಎಚ್ ಸೇರಿಸಿ ಬರೆದ. ಬ್ಯಾಂಕಿನವರು ಎಕ್ಸ್ ಹಾಕಿ ಮುಗಿಸಿದರು. ಊರಿಗೆ ಗೊತ್ತಿರುವುದು ಒಬ್ಬಳೇ ಲಕ್ಷ್ಮಿ. ಸಂಖ್ಯೆಗಳನ್ನು ಸುಮ್ಮನೆ ಹೋಲಿಸುವ ಪ್ರೋಗ್ರಾಮಿಗೆ ಇಬ್ಬರು ಲಕ್ಷ್ಮಿಯರು. ‘ಹೆಸರು ಮ್ಯಾಚ್ ಆಗ್ತಿಲ್ಲಮ್ಮ’ ಎಂಬ ಮಾತಿನ ಹಿಂದಿರುವುದು ಇದೇ. ಕನ್ನಡದ ಹೆಸರನ್ನು ಇಂಗ್ಲಿಷಿಗೆ ಇಳಿಸಿ, ಒಂದಕ್ಷರ ಆಚೀಚೆಯಾದರೂ ಅರ್ಜಿ ಬದಿಗಿಡು ಅಂತ ಯಂತ್ರಕ್ಕೆ ಹೇಳಿಕೊಟ್ಟವರು ಮನುಷ್ಯರು. ಕಳೆ ಕಿತ್ತು, ಗಾರೆ ಕಲಸಿ ರೇಖೆ ಸವೆದ ಬೆರಳೂ ಇನ್‌ಪುಟ್ಟೇ. ಅದನ್ನು ಓದಲಾಗದ ಸ್ಕ್ಯಾನರಿನ ಕೊರತೆಯನ್ನು ಬೆರಳಿನ ತಪ್ಪು ಅಂತ ಬರೆದುಕೊಳ್ಳುವುದು ಯಾವ ನ್ಯಾಯ?

ಎರಡನೆಯದು ಸಂಸ್ಕರಣೆ. ‘ಹೀಗಿದ್ದರೆ ಹೀಗೆ ಮಾಡು, ಇಲ್ಲದಿದ್ದರೆ ಹಾಗೆ ಮಾಡು’ ಎಂಬ ಸೂಚನೆಗಳ ಸರಮಾಲೆಯೇ ಪ್ರೋಗ್ರಾಂ. ಅಡುಗೆಯ ವಿಧಾನ ಬರೆದಿಟ್ಟಂತೆ. ವಿಧಾನದಲ್ಲಿ ಉಪ್ಪು ಎರಡು ಸಲ ಹಾಕು ಅಂತಿದ್ದರೆ ಯಂತ್ರ ಎರಡು ಸಲವೇ ಹಾಕುತ್ತದೆ, ರುಚಿ ನೋಡುವುದಿಲ್ಲ. ಪಕ್ಕದ ತೆಲಂಗಾಣದಲ್ಲಿ ‘ಸಮಗ್ರ ವೇದಿಕ’ ಎಂಬ ವ್ಯವಸ್ಥೆ ಬೇರೆ ಬೇರೆ ಇಲಾಖೆಗಳ ದತ್ತಾಂಶವನ್ನು ಕೂಡಿಸಿ, ಯಾರು ಬಡವರು, ಯಾರು ಅಲ್ಲ ಅಂತ ತೀರ್ಮಾನಿಸಲು ನೆರವಾಗುತ್ತಿತ್ತು. ರಿಕ್ಷಾ ಎಳೆಯುತ್ತಿದ್ದ ಒಬ್ಬ ಬಡವನ ಹೆಸರು ಕಾರು ಇಟ್ಟುಕೊಂಡಿದ್ದ ಇನ್ನೊಬ್ಬನ ಹೆಸರಿಗೆ ಹತ್ತಿರವಿತ್ತು. ವ್ಯವಸ್ಥೆ ಇಬ್ಬರನ್ನೂ ಒಬ್ಬನೇ ಅಂದುಕೊಂಡಿತು, ಆ ಕುಟುಂಬಕ್ಕೆ ರೇಷನ್ ನಿಂತಿತು. ಆ ರಾಜ್ಯದಲ್ಲಿ ರದ್ದಾಗಿದ್ದ ಸುಮಾರು 19 ಲಕ್ಷ ಕಾರ್ಡುಗಳನ್ನು ಮತ್ತೆ ಪರಿಶೀಲಿಸಿ ಎಂದು 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ನಮ್ಮಲ್ಲೇನು ಕಡಿಮೆ? 2024ರ ನವೆಂಬರ್‌ನಲ್ಲಿ ಕರ್ನಾಟಕದಲ್ಲೂ ಬಿಪಿಎಲ್ ಕಾರ್ಡುಗಳು ಏಕಾಏಕಿ ರದ್ದಾದವು, ಎಪಿಎಲ್‌ಗೆ ಬದಲಾದವು. ಸಾಲ ಸಿಗಲಿ ಅಂತ ಒಂದು ಐಟಿ ರಿಟರ್ನ್ಸ್ ಹಾಕಿದ್ದವರೂ ಯಂತ್ರದ ಕಣ್ಣಿಗೆ ಶ್ರೀಮಂತರಾಗಿ ಕಂಡರು. ರಿಟರ್ನ್ಸ್ ಸಲ್ಲಿಸುವುದಕ್ಕೂ ತೆರಿಗೆ ಕಟ್ಟುವುದಕ್ಕೂ ಇರುವ ವ್ಯತ್ಯಾಸವನ್ನು ಸೂಚನೆಯಲ್ಲಿ ಬರೆಯದಿದ್ದರೆ ಯಂತ್ರ ತಾನಾಗಿ ಊಹಿಸುವುದಿಲ್ಲ. ಜನ ಗಲಾಟೆ ಮಾಡಿದರು, ಸರ್ಕಾರ ಹಿಂದೆ ಸರಿದು ಕಾರ್ಡುಗಳನ್ನು ವಾಪಸ್ ಕೊಡಲು ಮುಂದಾಯಿತು. ತಪ್ಪನ್ನು ಹಿಡಿದುಕೊಟ್ಟಿದ್ದು ಬೀದಿಯ ಗಲಾಟೆ. ಯಾವ ಸಾಫ್ಟ್‌ವೇರೂ ಹಿಡಿಯಲಿಲ್ಲ.

ಮೂರನೆಯದು ಸಂಗ್ರಹಣೆ. ಎರಡೂವರೆ ದಶಕದ ಹಿಂದೆ ‘ಭೂಮಿ’ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಹೋದವು. ದೇಶಕ್ಕೇ ಮಾದರಿಯಾದ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೈಬರಹದ ಪುಸ್ತಕದಲ್ಲಿದ್ದ ತಪ್ಪುಗಳೂ ಜೊತೆಗೇ ಹೋದವು, ಟೈಪ್ ಮಾಡುವಾಗ ಇನ್ನಷ್ಟು ಸೇರಿಕೊಂಡವು. ಅವನ್ನು ತಿದ್ದಲು ಸರ್ಕಾರ ಕಂದಾಯ ಅದಾಲತ್‌ಗಳನ್ನು ನಡೆಸಬೇಕಾಯಿತು. ಬೇವು ಬಿತ್ತಿದರೆ ಕಂಪ್ಯೂಟರಿನಲ್ಲೂ ಮಾವು ಬರುವುದಿಲ್ಲ. ಬಂದದ್ದು ಬೇವೇ ಆದರೂ ‘ಕಂಪ್ಯೂಟರಿನಲ್ಲೇ ಹಾಗಿದೆ ನೋಡಿ’ ಅಂದಾಗ ಎದುರಾಡುವ ಧೈರ್ಯ ಜನರಿಗೆ ಬರುವುದಿಲ್ಲ.

ಡೇಟಾಬೇಸ್ ಎಂದರೇನು ಎಂಬ ಪ್ರಶ್ನೆಗೆ ಉತ್ತರ ಬರೆಯುವ ವಿದ್ಯಾರ್ಥಿಯೇ ಹಲವು ಡೇಟಾಬೇಸುಗಳಲ್ಲಿ ಒಂದೊಂದು ಸಾಲಾಗಿ ಕೂತಿದ್ದಾನೆ. ರಾಜ್ಯದ ಸ್ಯಾಟ್ಸ್ ಸಂಖ್ಯೆ ಒಂದು, ಆಧಾರ್ ಇನ್ನೊಂದು, ಈಗ 12 ಅಂಕಿಯ ಅಪಾರ್ ಐಡಿ ಮತ್ತೊಂದು. ಅಪಾರ್ ಕಾಗದದ ಮೇಲೆ ಐಚ್ಛಿಕ, ಪೋಷಕರ ಒಪ್ಪಿಗೆ ಬೇಕು. ಹಾಗಾದರೆ ಒಪ್ಪಿಗೆ ಅಂದರೇನು, ಬೇಡ ಅನ್ನಬಹುದಾ, ನನ್ನ ಜಾತಿ, ಅಂಕ, ಹಾಜರಾತಿಯನ್ನು ಯಾರ್ಯಾರು ನೋಡಬಹುದು, ತಪ್ಪಿದ್ದರೆ ತಿದ್ದುವುದು ಎಲ್ಲಿ? ‘ಸಂಗ್ರಹಣೆ’ ಎಂಬ ಅಧ್ಯಾಯದಲ್ಲಿ ಇರಬೇಕಾದ ಪ್ರಶ್ನೆಗಳು ಇವು. ನಮ್ಮ ಮಕ್ಕಳು ಅಲ್ಲಿ ಕಲಿಯುವುದು ಒಂದು ಕಿಲೋಬೈಟ್‌ಗೆ 1,024 ಬೈಟ್ ಅಂತ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಪ್ರಕರಣದ ಅರ್ಜಿದಾರರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಮೇಲೆ ಕೋರ್ಟ್ ಮೆಟ್ಟಿಲು ಹತ್ತಿದವರು. ಅವರ ಹೆಸರು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು? 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ. ಅದೇ ಕಾಯ್ದೆ ಸರ್ಕಾರಕ್ಕೆ ದೊಡ್ಡ ದೊಡ್ಡ ವಿನಾಯಿತಿಗಳನ್ನೂ ಕೊಟ್ಟಿದೆ. ಎರಡೂ ಗೊತ್ತಿರಬೇಕು.

ಈಗ ಸರ್ವರ್ ವಿಷಯಕ್ಕೆ ಬರೋಣ. ಸರ್ವರ್ ಅಂದರೆ ಎಲ್ಲೋ ಒಂದು ಕಟ್ಟಡದಲ್ಲಿ ಕೂತು, ಸಾವಿರಾರು ಕಡೆಯಿಂದ ಬರುವ ಕೋರಿಕೆಗಳಿಗೆ ಉತ್ತರ ಕೊಡುವ ಇನ್ನೊಂದು ಕಂಪ್ಯೂಟರ್. ಜಾತ್ರೆಯ ದಿನ ಊಟಕ್ಕೆ ಎರಡೇ ಸಾಲು ಹಾಕಿದರೆ ನೂಕುನುಗ್ಗಲು ಆಗುತ್ತದೆ, ಇಲ್ಲೂ ಅಷ್ಟೇ. 2023ರ ಜೂನ್ 18ರಂದು ‘ಸೇವಾ ಸಿಂಧು’ವಿನಲ್ಲಿ ಗೃಹಜ್ಯೋತಿ ನೋಂದಣಿ ಶುರುವಾದಾಗ ಪೋರ್ಟಲ್ ತೆವಳಿತು, ಜನ ಕಾದು ಸುಸ್ತಾದರು. ಕೇಂದ್ರ ಸರ್ಕಾರ ನಮ್ಮ ಸರ್ವರ್ ಹ್ಯಾಕ್ ಮಾಡಿದೆ ಎಂದು ಸಚಿವ ಸತೀಶ್ ಜಾರಕಿಹೊಳಿ ಆರೋಪಿಸಿದರು. ಪರ, ವಿರೋಧದ ಟ್ರೋಲ್ ಎರಡು ದಿನ ಜೋರಾಗಿ ನಡೆಯಿತು. ಇಡೀ ರಾಜ್ಯದ ಮನೆಗಳು ಒಮ್ಮೆಲೇ ಬರುತ್ತವೆ ಅಂತ ಗೊತ್ತಿದ್ದೂ ಎಷ್ಟು ಸಾಮರ್ಥ್ಯದ ಸರ್ವರ್ ಇಟ್ಟಿದ್ದಿರಿ, ಮೊದಲೇ ಪರೀಕ್ಷೆ ಮಾಡಿದ್ದಿರಾ, ಜಿಲ್ಲಾವಾರು ದಿನ ಹಂಚಬಹುದಿತ್ತಲ್ಲ ಎಂಬ ಸರಳ ಪ್ರಶ್ನೆಗಳು ಆ ಗದ್ದಲದಲ್ಲಿ ಮುಳುಗಿದವು. ನೆಟ್‌ವರ್ಕ್ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿಲ್ಲದ ಸಮಾಜಕ್ಕೆ ಯಾವ ಪಕ್ಷದವರು ಏನು ಕಥೆ ಹೇಳಿದರೂ ನಡೆಯುತ್ತದೆ.

ಕೊನೆಯದು ಔಟ್‌ಪುಟ್. ಪಠ್ಯದಲ್ಲಿ ಅದು ಮಾನಿಟರಿನ ಮೇಲೆ ಮೂಡುವ ಚಿತ್ರ. ಹೊರಗಿನ ಲೋಕದಲ್ಲಿ ಅದು ತಟ್ಟೆಯ ಅನ್ನ. 2017ರ ಜುಲೈನಲ್ಲಿ ಗೋಕರ್ಣದ ಒಂದು ದಲಿತ ಕುಟುಂಬದ ಮೂವರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಆಧಾರ್ ಜೋಡಣೆಯಾಗಿಲ್ಲ ಅಂತ ಆ ಮನೆಗೆ ತಿಂಗಳುಗಟ್ಟಲೆ ರೇಷನ್ ಸಿಕ್ಕಿರಲಿಲ್ಲ, ಇದು ಹಸಿವಿನ ಸಾವು ಎಂದು ಮಾನವ ಹಕ್ಕು ಕಾರ್ಯಕರ್ತರು ಹೇಳಿದರು. ಅಧಿಕಾರಿಗಳು ಅದನ್ನು ಒಪ್ಪಲಿಲ್ಲ. ಆಧಾರ್ ಇಲ್ಲ ಎಂಬ ಕಾರಣಕ್ಕೆ ಯಾರಿಗೂ ರೇಷನ್ ನಿರಾಕರಿಸಬಾರದು ಎಂದು ಕೇಂದ್ರ ಅದೇ ವರ್ಷದ ಅಕ್ಟೋಬರ್‌ನಲ್ಲಿ ರಾಜ್ಯಗಳಿಗೆ ಸೂಚಿಸಿತು. ಸಾವಿನ ಕಾರಣದ ಬಗ್ಗೆ ವಾದ ಏನೇ ಇರಲಿ, ಯಂತ್ರ ಇಲ್ಲ ಅಂದಾಗ ಮನುಷ್ಯ ಹೌದು ಅನ್ನಲು ಒಂದು ದಾರಿ ಇರಲೇಬೇಕು. ವ್ಯವಸ್ಥೆ ಕಟ್ಟುವಾಗಲೇ ಆ ದಾರಿ ಇಡಬೇಕು.

ಇಷ್ಟೆಲ್ಲ ಹೈಸ್ಕೂಲಿನಲ್ಲಿ ಯಾಕೆ ಬರುತ್ತಿಲ್ಲ? ಲ್ಯಾಬ್ ಇಲ್ಲ ಅನ್ನೋದು ಅರ್ಧ ಉತ್ತರ. ಯುಡೈಸ್ ಪ್ಲಸ್ 2024-25ರ ವರದಿಯ ಪ್ರಕಾರ ದೇಶದ ಶೇ 64.7ರಷ್ಟು ಶಾಲೆಗಳಲ್ಲಿ ಕಂಪ್ಯೂಟರ್ ಇದೆ, ಶೇ 63.5ರಲ್ಲಿ ಇಂಟರ್ನೆಟ್ ಇದೆ. ಅಂದರೆ ಮೂರರಲ್ಲಿ ಒಂದು ಶಾಲೆಗೆ ಇನ್ನೂ ಕಂಪ್ಯೂಟರೇ ಇಲ್ಲ. ಇನ್ನರ್ಧ ಉತ್ತರ ನಾವು ಹಿಡಿದ ದಾರಿಯಲ್ಲಿದೆ. ಕರ್ನಾಟಕ ‘ಮಾಹಿತಿ ಸಿಂಧು’ ಕಾಲದಿಂದ ಈ ಕೆಲಸವನ್ನು ಬಹುಪಾಲು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟಿತು. ಕಂಪನಿ ಲ್ಯಾಬ್ ಕಟ್ಟುತ್ತದೆ, ತನ್ನದೇ ಬೋಧಕರನ್ನು ಕೂರಿಸುತ್ತದೆ, ಅವಧಿ ಮುಗಿದ ಮೇಲೆ ಬಿಟ್ಟು ಹೋಗುತ್ತದೆ. ಶಾಲೆಯ ವಿಜ್ಞಾನ, ಸಮಾಜ ವಿಜ್ಞಾನ ಮೇಷ್ಟ್ರಿಗೂ ಆ ಕೋಣೆಗೂ ಸಂಬಂಧವೇ ಬೆಳೆಯಲಿಲ್ಲ. ಕೇರಳ 2001ರಲ್ಲಿ ‘ಐಟಿ@ಸ್ಕೂಲ್’ ಶುರುಮಾಡಿ, ಇದ್ದ ಶಿಕ್ಷಕರಿಗೇ ತರಬೇತಿ ಕೊಟ್ಟಿತು, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಸ್ವತಂತ್ರ ತಂತ್ರಾಂಶಗಳಿಗೆ ಹೊರಳಿತು. 2017ರಲ್ಲಿ ಅದನ್ನೇ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಗಿ ಗಟ್ಟಿ ಮಾಡಿತು. ಅಲ್ಲೂ ಎಲ್ಲ ಸರಿಯಿದೆ ಅಂತಲ್ಲ. ಆದರೆ ಜ್ಞಾನ ಶಾಲೆಯೊಳಗೇ ಉಳಿಯಿತು.

ನಮ್ಮ ಮಕ್ಕಳಿಗೆ ಫೋನ್ ಗೊತ್ತು, ಇನ್ನೇನು ಬೇಕು ಅನ್ನುವವರಿದ್ದಾರೆ. ಗ್ರಾಮೀಣ ಭಾರತದ 14ರಿಂದ 16ರ ವಯಸ್ಸಿನವರಲ್ಲಿ ಶೇ 80ಕ್ಕೂ ಹೆಚ್ಚು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ ಎಂದು 2024ರ ಅಸರ್ ವರದಿ ಹೇಳುತ್ತದೆ, ನಿಜ. ಅದೇ ವರದಿಯಲ್ಲಿ, ಸಾಮಾಜಿಕ ಜಾಲತಾಣ ಬಳಸುವ ಈ ವಯಸ್ಸಿನವರಲ್ಲಿ ಪಾಸ್‌ವರ್ಡ್ ಬದಲಿಸಲು ಗೊತ್ತಿರುವವರು ಶೇ 57.7, ಪ್ರೊಫೈಲನ್ನು ಖಾಸಗಿಯಾಗಿಸಲು ಗೊತ್ತಿರುವವರು ಶೇ 55.2. ಸ್ಮಾರ್ಟ್‌ಫೋನ್ ಬಳಸಲು ಬರುವವರ ಪೈಕಿ ಸ್ವಂತ ಫೋನ್ ಇರುವವರು ಹುಡುಗರಲ್ಲಿ ಶೇ 36.2, ಹುಡುಗಿಯರಲ್ಲಿ ಶೇ 26.9. ಫೋನ್ ಬಳಸಲು ಬರುವುದು ಬೇರೆ, ಅದು ನಮ್ಮನ್ನು ಹೇಗೆ ಬಳಸಿಕೊಳ್ಳುತ್ತಿದೆ ಅಂತ ತಿಳಿಯುವುದು ಬೇರೆ. ಶಾಲೆ ಕೈಬಿಟ್ಟರೆ ಈ ಎರಡನೆಯದನ್ನು ಕಲಿಸಲು ಮನೆಯಲ್ಲಿ ಯಾರೂ ಇಲ್ಲ, ಅದರಲ್ಲೂ ಹುಡುಗಿಯರಿಗೆ.

‘ಮಕ್ಕಳ ಪಾಠದಲ್ಲಿ ರಾಜಕೀಯ ಯಾಕೆ?’ ಅಂತ ಕೇಳಬಹುದು. ಪೌರನೀತಿಯಲ್ಲಿ ಗ್ರಾಮ ಪಂಚಾಯಿತಿ ಬಗ್ಗೆ ಹೇಳಿಕೊಡುವುದಿಲ್ಲವೇ? ಇವತ್ತು ಪಂಚಾಯಿತಿಯ ಅರ್ಧ ಕೆಲಸ ನಡೆಯುವುದೇ ಪೋರ್ಟಲ್‌ನಲ್ಲಿ. ‘ಇದರಿಂದ ಕೆಲಸ ಸಿಗುತ್ತಾ?’ ಎಂಬ ಪ್ರಶ್ನೆ ಇನ್ನೂ ನ್ಯಾಯವಾದದ್ದು, ಬಡ ಮನೆಯ ಮಗುವಿಗೆ ಕೆಲಸ ಬೇಕೇ ಬೇಕು. ನನ್ನ ಉತ್ತರ ಇಷ್ಟು: ಸಾಫ್ಟ್‌ವೇರಿನ ಮೆನುಗಳು ಐದು ವರ್ಷಕ್ಕೊಮ್ಮೆ ಬದಲಾಗುತ್ತವೆ, ಇನ್‌ಪುಟ್, ನಿಯಮ, ಸಂಗ್ರಹಣೆ, ಜಾಲ ಎಂಬ ಬುನಾದಿ ಬದಲಾಗುವುದಿಲ್ಲ. ಬುನಾದಿ ಗೊತ್ತಿದ್ದವರು ನಾಳೆ ಎಐಯನ್ನೂ ಕಲಿಯುತ್ತಾರೆ.

ಇದಕ್ಕೆ ಕೋಟಿಗಟ್ಟಲೆ ಹಣವೂ ಬೇಕಿಲ್ಲ. ಹತ್ತು ಮಕ್ಕಳು ಚೀಟಿ ಹಿಡಿದು ಸಾಲಾಗಿ ನಿಂತರೆ ನೆಟ್‌ವರ್ಕ್ ಪಾಠವಾಗುತ್ತದೆ. ಒಂದು ರೇಷನ್ ಕಾರ್ಡಿನ ಪ್ರಯಾಣವನ್ನು ಬೋರ್ಡಿನ ಮೇಲೆ ಬರೆದರೆ ಡೇಟಾಬೇಸ್ ಪಾಠವಾಗುತ್ತದೆ. ಬೇಕಿರುವುದು ಮೂರು: ಗುತ್ತಿಗೆ ಬಿಟ್ಟು ಶಾಲೆಯ ಶಿಕ್ಷಕರಿಗೇ ತರಬೇತಿ, ಕನ್ನಡದಲ್ಲಿ ಬರೆದ ಪಾಠ, ಮತ್ತು ಅಪಾರ್, ಸ್ಯಾಟ್ಸ್‌ನಲ್ಲಿ ತನ್ನ ಬಗ್ಗೆ ಏನಿದೆ ಅಂತ ನೋಡಿ ತಿದ್ದಿಸಿಕೊಳ್ಳುವ ಅವಕಾಶ ಪ್ರತಿ ವಿದ್ಯಾರ್ಥಿಗೆ. ಎಐ ಪಠ್ಯಕ್ರಮದ ಚರ್ಚೆ ಈಗ ನಡೆಯುತ್ತಿರುವುದರಿಂದ ವಿದ್ಯಾರ್ಥಿ ಸಂಘಟನೆಗಳು ಇದನ್ನು ಈಗಲೇ ಕೇಳಬೇಕು. ಪುಸ್ತಕ ಅಚ್ಚಾದ ಮೇಲೆ ಕೇಳಿ ಪ್ರಯೋಜನವಿಲ್ಲ.

ಅಲ್ಲಿಯವರೆಗೆ, ಓದುತ್ತಿರುವ ನಿಮಗೊಂದು ಮನೆಗೆಲಸ. ಮುಂದಿನ ಸಲ ಯಾರಾದರೂ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಅಂದರೆ ಜಗಳ ಆಡಬೇಡಿ. ತೊಂದರೆ ಇಲ್ಲಿನ ಇಂಟರ್ನೆಟ್‌ನದ್ದೋ, ಮಷೀನಿನದ್ದೋ, ಬೆಂಗಳೂರಿನ ಸರ್ವರಿನದ್ದೋ? ಯಾವಾಗಿನಿಂದ? ದೂರು ದಾಖಲಾಗಿದೆಯಾ? ಇವತ್ತು ಬಂದವರ ಹೆಸರು ಪುಸ್ತಕದಲ್ಲಿ ಬರೆದುಕೊಳ್ತೀರಾ? ಇಷ್ಟನ್ನು ಸಮಾಧಾನವಾಗಿ ಕೇಳಿ. ಹಿಂದೆ ಸಾಲಿನಲ್ಲಿ ನಿಂತ ಅಜ್ಜಿಗೂ ಕೇಳಿಸುವ ಹಾಗೆ.